ದಾಜಿಯ ಕಿವಿಗೊಂದು ಒರಿಜಿನಲ್

ನಮ್ಮಕ್ಕ ಈ ಭೂಮಿಯ ಮೇಲೆ ಯಾರನ್ನೂ ನಂಬುವುದಿಲ್ಲ ಅಂತ ಯಾರಾದರೂ ನಿಮಗೆ ಹೇಳಿದರೆ ಅದನ್ನು ನಂಬಬೇಡಿ. ಒಬ್ಬರನ್ನು ಆಕೆ ಕಣ್ಣು ಮುಚ್ಚಿಕೊಂಡು ನಂಬುತ್ತಾಳೆ: ತನ್ನನ್ನು! ಉಳಿದಂತೆ ಹಾಲು, ಹಾಲು ಹಾಕುವವನು, ಆ ಹಾಲು ಕೊಟ್ಟ ಎಮ್ಮೆ, ಮೂವರ ಮೇಲೂ ಆಕೆಗೆ ಸಂಶಯ. ಎಮ್ಮೆಯ ಮೇಲೆ ಸ್ವಲ್ಪ ಕಡಿಮೆ.

ಇದಕ್ಕೆಲ್ಲ ಮೂಲ ಒಣಮೆಣಸಿನಕಾಯಿ. ನಾವು ಗಡಿಯ ಮರಾಠಿ ಸೀಮೆಯ ಅಕಿವಾಟದ ಜೈನ ರೈತ ಮನೆತನದವರು, ಮನೆಮಾತು ಕನ್ನಡ. ಅಕ್ಕನನ್ನು ಕೊಟ್ಟದ್ದು ಗಡಹಿಂಗ್ಲಜದ ಮೆಣಸಿನಕಾಯಿ ವ್ಯಾಪಾರದ ಮನೆಗೆ. ಮದುವೆಯಾಗಿ ಹೋದ ಒಂದೇ ವರ್ಷದೊಳಗೆ ಆಕೆ ಖಾರಪುಡಿಯಲ್ಲಿ ಇಟ್ಟಂಗಿ ಪುಡಿ ಎಷ್ಟಿದೆ, ಬಣ್ಣ ಎಷ್ಟಿದೆ ಅಂತ ಹೇಳುವುದನ್ನು ಕಲಿತಳು. ಒಂದು ಗ್ಲಾಸು ನೀರು, ಒಂದು ಚಮಚ ಪುಡಿ. ಪುಡಿ ತಳಕ್ಕೆ ಇಳಿಯುವ ಮೊದಲೇ ನೀರು ಕೆಂಪಾಯಿತೋ, ಮುಗಿಯಿತು ಆ ವ್ಯಾಪಾರಿಯ ಕಥೆ. ಇಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ! ನನ್ನ ಮದುವೆಯಲ್ಲಿ ಬೀಗರು ಬೆರಳಿಗೆ ತೊಡಿಸಿದ ಉಂಗುರವನ್ನು ಎಲ್ಲರ ಎದುರಿಗೇ ಬಿಚ್ಚಿಸಿಕೊಂಡು ಕಚ್ಚಿ ನೋಡಿದಳು. ಬಂಗಾರ ಖರೆ ಇತ್ತು, ಅಕ್ಕನ ಹಲ್ಲಿನ ಗುರುತು ಇವತ್ತಿಗೂ ಅದರ ಮೇಲಿದೆ. ನನ್ನ ಹೆಂಡತಿ ವಾರಕ್ಕೊಮ್ಮೆಯಾದರೂ ಅದನ್ನು ನನಗೆ ತೋರಿಸುತ್ತಾಳೆ.

ಒಮ್ಮೆ ಕೊಲ್ಹಾಪುರದಲ್ಲಿ ಚಪ್ಪಲಿ ಕೊಳ್ಳಲು ಹೋದೆವು. ಅಕ್ಕ ಅಂಗಡಿಯವನ ಕುಡಿಯುವ ನೀರಿನ ತಂಬಿಗೆ ಎತ್ತಿ ಹೊಸ ಚಪ್ಪಲಿಯ ಮೇಲೆ ಸುರಿದೇಬಿಟ್ಟಳು.

“ಖರೆ ಚರ್ಮ ಇದ್ರ ನೀರು ಕುಡಿತೈತಿ,” ಅಂತ ನನಗೆ ವಿವರಣೆ ಬೇರೆ.

ಅಂಗಡಿಯವ ಎದ್ದು ನಿಂತು ಕೈ ಮುಗಿದ. “ಬಾಯಿ, ಮೀ ಚಪ್ಪಲ್ ವಿಕತೋಯ್, ಮ್ಹೈಸ್ ನಾಯ್!”

ನಾನು ಚಪ್ಪಲಿ ಮಾರುವವನು, ಎಮ್ಮೆ ಮಾರುವವನಲ್ಲ ಅಂತ ಅವನ ಗೋಳು. ಅಕ್ಕನಿಗೆ ಅದೂ ಸಾಲಲಿಲ್ಲ. “ಇಂವ ಎಮ್ಮಿ ಹೆಸರು ಯಾಕ ತಗದಾ? ಅಂದ್ರ ಇದು ಎಮ್ಮಿ ಚರ್ಮ ಅಲ್ಲ!” ಅಂದು ಹೊರಟಳು. ಆ ಒದ್ದೆ ಚಪ್ಪಲಿಯನ್ನು ಯಾರು ಕೊಂಡರು ಅಂತೀರಿ? ನಾನೇ. ಒಂದು ನಂಬರು ಸಣ್ಣದು.

ಇಂಥ ಹೆಂಗಸಿನ ಗಂಡ ಹೇಗಿರಬೇಕು? ಅಕ್ಕನ ಗಂಡನನ್ನು ನಮ್ಮ ಕಡೆ ದಾಜಿ ಅನ್ನುತ್ತೇವೆ. ನಮ್ಮ ದಾಜಿಯಷ್ಟು ಮೆತ್ತಗಿನ ಮನುಷ್ಯನನ್ನು ನಾನು ಕಂಡಿಲ್ಲ. ಮೆಣಸಿನಕಾಯಿ ಪೇಟೆಯಲ್ಲಿ ಹರಾಜಿನ ಸವಾಲು ಕೂಗುವವರ ನಡುವೆ ಇಡೀ ಆಯುಷ್ಯ ಕಳೆದರೂ ದಾಜಿ ಮಾತ್ರ ಎರಡೇ ಶಬ್ದದಲ್ಲಿ ಸಂಸಾರ ಮಾಡಿದರು. ಒಂದು “ಹೌದ”, ಇನ್ನೊಂದು “ಆತು”. ಅವರಿಗೆ ಮಕ್ಕಳಿಲ್ಲ. ಮನೆಯಲ್ಲಿ ಮಾತೆಲ್ಲ ಅಕ್ಕನದೇ, ಅದರಲ್ಲಿ ಮುಕ್ಕಾಲು ಪಾಲು ಬೈಗುಳ.

ಹೀಗಿರುವಾಗ ದಾಜಿಯ ಕಾಲು ಬಾತವು. ಗಡಹಿಂಗ್ಲಜದ ಡಾಕ್ಟರು ರಕ್ತ ತಪಾಸ್ ಮಾಡಿಸಿ, ಎರಡೂ ಕಿಡ್ನಿ ಹೋಗಿವೆ ಅಂದರು. ಅಕ್ಕ ಅವರ ಮುಖ ನೋಡಿದಳು, ಗೋಡೆಗೆ ತೂಗು ಹಾಕಿದ್ದ ಅವರ ಸರ್ಟಿಫಿಕೇಟು ನೋಡಿದಳು, ದಾಜಿಯನ್ನು ಎಬ್ಬಿಸಿಕೊಂಡು ಇಚಲಕರಂಜಿಗೆ ನಮ್ಮ ಮನೆಗೆ ಬಂದಳು.

“ತಮ್ಮಾ, ಆ ಲ್ಯಾಬ್ ಡೂಪ್ಲಿಕೇಟ್ ಐತಿ. ಇಲ್ಲೆ ಮತ್ತೊಮ್ಮೆ ಮಾಡಸು.”

ಮಾಡಿಸಿದೆ. ಅದೇ ಬಂತು. ಕೊಲ್ಹಾಪುರದ ದೊಡ್ಡ ಲ್ಯಾಬಿನಲ್ಲಿ ಮಾಡಿಸಿದೆವು. ಅಲ್ಲೂ ಅದೇ. ಆ ಕೊನೆಯ ರಿಪೋರ್ಟನ್ನು ಅಕ್ಕ ಲ್ಯಾಬಿನ ಮೆಟ್ಟಿಲ ಮೇಲೆ ನಿಂತು ಬಿಸಿಲಿಗೆ ಹಿಡಿದು ನೋಡಿದಳು, ನೋಟಿನೊಳಗಿನ ದಾರ ಹುಡುಕುವವರ ಹಾಗೆ. ಬಹಳ ಹೊತ್ತು ನೋಡಿದಳು. ಆಮೇಲೆ ಅದನ್ನು ಮಡಚಿ ನನ್ನ ಕೈಗೆ ಕೊಟ್ಟಳು.

“ನೋಡೋ ತಮ್ಮಾ, ತುಪ್ಪ ಡೂಪ್ಲಿಕೇಟ್, ಔಷಧ ಡೂಪ್ಲಿಕೇಟ್, ಮಂದಿ ಡೂಪ್ಲಿಕೇಟ್. ರೋಗ ಮಾತ್ರ ಒರಿಜಿನಲ್ ಬಂತಲ್ಲೋ ನಮಗ!”

ದಾಜಿ ಪಕ್ಕದಲ್ಲಿ ನಿಂತು “ಹೌದ” ಅಂದರು.

ಅಲ್ಲಿಂದ ಅವರಿಬ್ಬರೂ ನಮ್ಮ ಮನೆಯಲ್ಲೇ ಉಳಿದರು. ಗಡಹಿಂಗ್ಲಜದಿಂದ ಡಯಾಲಿಸಿಸ್‌ಗೆ ಅಂತ ಪದೇ ಪದೇ ಕೊಲ್ಹಾಪುರಕ್ಕೆ ಓಡಾಡುವುದು ದಾಜಿಯ ಮೈಗೆ ಆಗುತ್ತಿರಲಿಲ್ಲ. ನಮ್ಮ ಮನೆ ಇಚಲಕರಂಜಿಯ ಶಹಾಪುರದಲ್ಲಿ. ಸುತ್ತ ಮಗ್ಗದ ಶೆಡ್ಡುಗಳು, ಹಗಲೆಲ್ಲ ಖಟಖಟ. ಮಗ್ಗದ ಬಿಡಿಭಾಗ ಮಾರುವ ಅಂಗಡಿ ನನ್ನದು, ಸಾಮಾನು ಹೇರಲು ಒಂದು ಹಳೆಯ ವ್ಯಾನು. ವಾರಕ್ಕೆ ಮೂರು ದಿನ ಅಂಗಡಿಯ ಬಾಗಿಲು ಹಾಕುವುದು, ಅವರಿಬ್ಬರನ್ನು ವ್ಯಾನಿನಲ್ಲಿ ಕೂಡಿಸಿಕೊಂಡು ಹಾತಕಣಂಗಲೆ ದಾಟಿ ಕೊಲ್ಹಾಪುರಕ್ಕೆ ಹೋಗುವುದು, ಸಂಜೆ ಕರೆದುಕೊಂಡು ಬರುವುದು.

ಡಯಾಲಿಸಿಸ್ ಹಾಲ್ ನೋಡಿದ್ದೀರಾ? ನೋಡದಿದ್ದರೆ ಒಳ್ಳೆಯದು. ಸಾಲಾಗಿ ಮಂಚ, ಮಂಚಕ್ಕೊಂದು ಯಂತ್ರ. ಒಂದು ಯಂತ್ರ ಪೀಂ ಅಂತ ಕೂಗಿದರೆ ಪಕ್ಕದ್ದು ಪೀಂಪೀಂ ಅಂತ ಉತ್ತರ ಕೊಡುತ್ತದೆ. ಗೋಡೆಯ ಟಿವಿಯಲ್ಲಿ ಮರಾಠಿ ಧಾರಾವಾಹಿಯ ಅತ್ತೆ ಸೊಸೆಯ ಮೇಲೆ ಹಾರಾಡುತ್ತಿರುತ್ತಾಳೆ. ದಾಜಿಯ ಬಲಗಡೆಯ ಮಂಚದವರು ಫೋನಿನಲ್ಲಿ ತಮ್ಮ ಅಣ್ಣತಮ್ಮಂದಿರ ಜೊತೆ ಬಾವಿಯ ನೀರಿನ ಪಾಳಿಗಾಗಿ ಜಗಳ ಆಡುತ್ತಿರುತ್ತಾರೆ. ಎಡಗಡೆಯವರು ನರಳುತ್ತಾರೆ. ಇದರ ನಡುವೆ ಕೈಗೆ ಎರಡು ಸೂಜಿ ಚುಚ್ಚಿಸಿಕೊಂಡು, ಅಲುಗಾಡದೆ, ನಾಲ್ಕು ತಾಸು.

ದಾಜಿ ಯಾವತ್ತೂ ಏನೂ ಬೇಡಿದವರಲ್ಲ. ಒಂದು ದಿನ ಬಾವಿ ಜಗಳದವರು ತಮ್ಮ ಇಯರ್‌ಫೋನು ತೆಗೆದು, “ಘ್ಯಾ ಪಾವಣೇ, ಬಘಾ ಜರಾ,” ಹಾಕಿಕೊಂಡು ನೋಡಿ ಅಂತ ದಾಜಿಯ ಕಿವಿಗೆ ಇಟ್ಟರಂತೆ. ಹೊರಗಿನ ಸದ್ದನ್ನೆಲ್ಲ ತಡೆದು ನಿಲ್ಲಿಸುವಂಥದ್ದು ಅದು. ಒಂದೇ ನಿಮಿಷ. ದಾಜಿ ವ್ಯಾನಿನಲ್ಲಿ ಅದನ್ನು ನೆನೆಸಿಕೊಂಡು, ಅವರ ಮಟ್ಟಿಗೆ ದೊಡ್ಡದೆನ್ನಬಹುದಾದ ಭಾಷಣ ಮಾಡಿದರು:

“ಎಲ್ಲಾ ಬಂದ್ ಆತು ನೋಡ್ರಿ. ಯಾರೂ ಇರಲಿಲ್ಲ. ಅಂಥಾದೊಂದು ಇದ್ರ ನಾಲ್ಕು ತಾಸು ಹೋಗ್ತಾವ.”

ಅಕ್ಕ ಆ ಕ್ಷಣದಲ್ಲಿ ಪಣ ತೊಟ್ಟಳು. ನಾನು ಆ ಕ್ಷಣದಲ್ಲಿ ವ್ಯಾನಿನಿಂದ ಹಾರಿಕೊಳ್ಳಬೇಕಿತ್ತು.

“ಕೊಲ್ಹಾಪುರದಾಗ ಅಂಗಡಿ ಅದಾವಲ್ಲ, ಅಲ್ಲೇ ತಗೊಳೋಣು ಅಕ್ಕಾ,” ಅಂದೆ. ಹೋದೆವು. ಅಂಗಡಿಯವ, ಬಿಲ್ಲು ಬೇಡವಾದರೆ ಕಡಿಮೆಗೆ ಕೊಡುತ್ತೇನೆ ಅಂದ. ಅಷ್ಟು ಸಾಕಾಯಿತು. “ಬಿಲ್ ಕೊಡಾಕ ಹೆದರಾವ ಖರೆ ಮಾಲು ಕೊಡ್ತಾನಾ? ನಡಿ!” ಬಿಲ್ಲು ಕೊಡುವ ಅಂಗಡಿ ಹುಡುಕೋಣ ಅಂದರೆ, “ಅಂವ ಬಿಲ್ಲೂ ಡೂಪ್ಲಿಕೇಟ್ ಮಾಡಿಸಿರ್ತಾನ,” ಅಂದಳು. ಹೀಗೆ ಅಕ್ಕ ಆನ್‌ಲೈನ್ ಪೇಟೆಗೆ ಕಾಲಿಟ್ಟಳು. ಮುಖ ಕಾಣದ ಮಂದಿಯಿಂದ ಮಾಲು ಕೊಳ್ಳುವ ಪೇಟೆ! ಅಕ್ಕನಿಗೆ! ದೇವರಿಗೂ ತಮಾಷೆ ಬೇಕಿತ್ತೇನೋ.

ನಮ್ಮ ಪಡಸಾಲೆ ಪೊಲೀಸ್ ಠಾಣೆಯಾಯಿತು. ಬೆಳಿಗ್ಗೆ ಚಹಾ ಕುಡಿಯುತ್ತ ಅಕ್ಕ ನನ್ನ ಹೆಂಡತಿಯ ಫೋನು ಹಿಡಿದು ಕೂರುವಳು. ದೊಡ್ಡ ಕಂಪನಿಯ ಮಾಲು ಅರ್ಧಕ್ಕರ್ಧ ಕಡಿಮೆಗೆ ಬಂದಿದೆಯೇ? ಕಳ್ಳ. ಮಾರುವವನು ಮೊನ್ನೆ ಮೊನ್ನೆ ಅಂಗಡಿ ತೆರೆದಿದ್ದಾನೆಯೇ? ಕಳ್ಳ. ಚಿತ್ರದಲ್ಲಿ ಡಬ್ಬಿಯ ಹಿಂಭಾಗ ತೋರಿಸಿಲ್ಲವೇ? ಕಳ್ಳನ ಅಪ್ಪ! ಕೊಂಡವರು ಬರೆದ ಹೊಗಳಿಕೆಗಳನ್ನಂತೂ ನನ್ನ ಹೆಂಡತಿಯಿಂದ ಶಾಸ್ತ್ರದ ಹಾಗೆ ಓದಿಸುವಳು.

“ವೆರಿ ನೈಸ್ ಪ್ರಾಡಕ್ಟ್, ವೆರಿ ನೈಸ್ ಪ್ರಾಡಕ್ಟ್, ವೆರಿ ನೈಸ್ ಪ್ರಾಡಕ್ಟ್. ಇವರೆಲ್ಲಾ ಒಂದ ಸಾಲಿ ಒಂದ ಬಾಕಿನ ಮ್ಯಾಲೆ ಕುಂತು ಕಾಪಿ ಹೊಡದವ್ರೇನೋ?”

ಒಂದು ಕಡೆ ಮಾತ್ರ ಹೊಗಳಿಕೆಗಳು ಬಗೆಬಗೆಯಾಗಿದ್ದವು. ಒಬ್ಬರು ಮೆತ್ತಗಿದೆ ಅಂದಿದ್ದರು, ಒಬ್ಬರು ಬಣ್ಣ ಚೆನ್ನಾಗಿದೆ ಅಂದಿದ್ದರು. ಅಕ್ಕ ಕರಗುವ ಹಂತಕ್ಕೆ ಬಂದಿದ್ದಳು. ಅಷ್ಟರಲ್ಲಿ ನನ್ನ ಹೆಂಡತಿ ಮುಂದಿನದನ್ನು ಓದಿದಳು: “ಎರಡು ಸಲ ತೊಳೆದೆವು, ಕುಗ್ಗಲಿಲ್ಲ.”

“ಏನ್ ತೊಳದ್ರು?”

“ಇಯರ್‌ಫೋನು,” ಅಂದೆ ನಾನು.

“ಡಬಲ್ ಮಂಚಕ್ಕ ಸರಿಯಾಗಿ ಕುಂದರ್ತೈತಿ ಅಂತಾನೂ ಬರದಾರ್ರಿ ಅತ್ತಿಗಿ,” ಅಂದಳು ನನ್ನ ಹೆಂಡತಿ, ನಗು ತಡೆಯಲಾಗದೆ.

ಆ ಮಹಾಶಯ ಮೊದಲು ಚಾದರ ಮಾರುತ್ತಿದ್ದ. ಅದಕ್ಕೆ ಬಂದ ಹೊಗಳಿಕೆಯನ್ನೆಲ್ಲ ಹಾಗೇ ಇಟ್ಟುಕೊಂಡು, ಚಿತ್ರ ಮಾತ್ರ ಬದಲಿಸಿ ಇಯರ್‌ಫೋನು ಮಾರಲು ಕೂತಿದ್ದ! ಸುತ್ತ ಬಟ್ಟೆ ನೇಯುವ ಊರಲ್ಲಿ ಕೂತ ನಮಗೇ ಚಾದರ ಹೊದಿಸಲು ಬಂದಿದ್ದ!

ಕೊನೆಗೂ ಒಂದನ್ನು ತರಿಸಿದೆವು. ಪಾರ್ಸೆಲ್ ಒಡೆಯುವಾಗ ವಿಡಿಯೊ ಮಾಡಬೇಕು, ಇಲ್ಲದಿದ್ದರೆ ವಾಪಸ್ ತಗೊಳ್ಳುವುದಿಲ್ಲ ಅಂತ ಅಕ್ಕ ಎಲ್ಲೋ ಕೇಳಿದ್ದಳು. ನಾನು ಕ್ಯಾಮೆರಾ. ನನ್ನ ಹೆಂಡತಿ ಬ್ಯಾಟರಿ ಹಿಡಿದು ಬೆಳಕು. ಪಾರ್ಸೆಲ್ ತಂದ ಮನುಷ್ಯ ಬಾಗಿಲಲ್ಲಿ ನಿಂತು “ಓಟಿಪಿ ಸಾಂಗಾ, ಕಾಕೂ,” ಅನ್ನುತ್ತಲೇ ಇದ್ದ. ಅಕ್ಕ ಓಟಿಪಿ ಹೇಳದೆ ಅವನನ್ನು ಸಾಕ್ಷಿಯಾಗಿ ಕೂಡಿಸಿದಳು. ಡಬ್ಬಿಯ ಮೇಲೆ ಕಂಪನಿಯ ಹೆಸರಲ್ಲಿ ಒಂದು ಅಕ್ಷರ ಹೆಚ್ಚಿತ್ತು.

“ಕಂಪನಿಯವರಿಗೆ ತಮ್ಮ ಹೆಸರು ಬರಿಯಾಕ ಬರಂಗಿಲ್ಲೇನು?” ಅಂದಳು ಅಕ್ಕ, ಕ್ಯಾಮೆರಾ ನೋಡುತ್ತ. ಸಾಕ್ಷಿಗೆ ಚಹಾ ಕೊಟ್ಟು ಕಳಿಸಿದೆವು. ಅವನೂ ನಮ್ಮ ಮೇಲೆ ಏನೋ ಸಂಶಯ ಪಟ್ಟುಕೊಂಡೇ ಹೋದ.

ಆಮೇಲೆ ಗ್ರಾಹಕ ಸೇವೆಗೆ ಫೋನು. “ನಿಮಗೆ ಆದ ತೊಂದರೆಗೆ ವಿಷಾದಿಸುತ್ತೇವೆ,” ಅಂತ ಒಂದು ದನಿ ನುಣ್ಣಗೆ ಹೇಳಿತು. ಅಕ್ಕನ ಹುಬ್ಬು ಮೇಲೇರಿತು.

“ನೀ ಮನಷ್ಯಾ ಅದಿಯೋ ಮಷೀನ್ ಅದಿಯೋ?”

“ಮೇಡಂ, ನಾನು ಮನುಷ್ಯನೇ.”

“ಉಸರು ಬಿಡು ನೋಡೋಣು.”

ಆ ಬಡಪಾಯಿ ಫೋನಿನಲ್ಲಿ ಉಸಿರು ಬಿಟ್ಟ! ಅಕ್ಕ ತಲೆ ಅಲ್ಲಾಡಿಸಿದಳು. “ಮತ್ತೊಮ್ಮೆ. ಜೋರಲೆ.” ಅವನು ಮತ್ತೊಮ್ಮೆ ಬಿಟ್ಟ. ಎರಡನೆಯದು ಉಸಿರೋ ನಿಟ್ಟುಸಿರೋ ನನಗೆ ತಿಳಿಯಲಿಲ್ಲ. ಡಬ್ಬಿ ವಾಪಸಾಯಿತು.

ಎರಡನೆಯದರ ಹೆಸರು ಸರಿಯಿತ್ತು. ಡಬ್ಬಿಯ ಮೇಲಿನ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ನೋಡಿದರೆ, ಆ ನಂಬರಿನ ಮಾಲು ಆಗಲೇ ಬೇರೆ ಯಾರದೋ ಹೆಸರಲ್ಲಿ ನೋಂದಣಿಯಾಗಿತ್ತು. ವಾಪಸ್. ಮುಂದಿನದನ್ನು ಅಕ್ಕ ನಮ್ಮ ಓಣಿಯ ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿಸಿದಳು. ಕಂಪನಿ ಹೇಳಿದ್ದಕ್ಕಿಂತ ಹಗುರ ಬಂತು. ವಾಪಸ್. ಇನ್ನೊಂದರಲ್ಲಿ ಬಲಗಿವಿಯ ಮೇಲೂ ಎಡ ಅಂತ ಬರೆದಿತ್ತು. ನನ್ನ ಹೆಂಡತಿ ಮೆಲ್ಲಗೆ, “ಎರಡೂ ಎಡಗಿವಿ ಇದ್ದವರಿಗೆ ಮಾಡ್ಯಾರೇನೋ,” ಅಂದಳು. ಯಾರೂ ನಗಲಿಲ್ಲ. ಅಷ್ಟು ಹೊತ್ತಿಗೆ ನಗುವ ಶಕ್ತಿ ಯಾರಿಗೂ ಉಳಿದಿರಲಿಲ್ಲ.

ಏಕೆಂದರೆ ಈ ಕಡೆ ಡಬ್ಬಿಗಳು ಬಂದು ಹೋಗುತ್ತಿದ್ದಂತೆ ಆ ಕಡೆ ದಾಜಿ ಇಳಿಯುತ್ತಿದ್ದರು. ಅಂಗಿಯ ಕಾಲರಿನೊಳಗೆ ಕುತ್ತಿಗೆ ಸಣ್ಣಗಾಗುತ್ತ ಹೋಯಿತು. ನೀರು ಅಳೆದು ಕುಡಿಯಬೇಕು. ಬಾಳೆಹಣ್ಣು ಇಲ್ಲ, ಎಳನೀರು ಇಲ್ಲ, ಉಪ್ಪು ಇಲ್ಲ. ಮೆಣಸಿನಕಾಯಿ ವ್ಯಾಪಾರಿಯ ತಾಟಿನಲ್ಲಿ ಸಪ್ಪೆ ಅನ್ನ. ದಾಜಿ ಅದನ್ನೂ “ಆತು” ಅಂದು ಉಂಡರು. ಡಯಾಲಿಸಿಸ್ ಮುಗಿಸಿ ಬಂದ ಸಂಜೆ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದರೆ, ಜೀವ ಇದೆಯೋ ಇಲ್ಲವೋ ಅಂತ ನಾನು ಬಾಗಿಲಲ್ಲಿ ನಿಂತು ಅವರ ಬೆನ್ನು ನೋಡುತ್ತಿದ್ದೆ. ಅಕ್ಕ ಪಡಸಾಲೆಯಲ್ಲಿ ಫೋನು ಕಿವಿಗೆ ಹಿಡಿದು, ಕಾಣದ ಊರಿನ ಕಾಣದ ಮನುಷ್ಯನ ಜೊತೆ ಜಗಳಾಡುತ್ತಿದ್ದಳು. ಅವಳಿಗೆ ಜಗಳಾಡಲು ಇನ್ನು ಯಾರಿದ್ದರು, ನೀವೇ ಹೇಳ್ರಿ? ಕಿಡ್ನಿಯನ್ನು ವಾಪಸ್ ಕಳಿಸಲು ಬರುವುದಿಲ್ಲವಲ್ಲ.

ಒಮ್ಮೆ ದಾಜಿ ಬೇಸತ್ತು, ಪಕ್ಕದ ಶೆಡ್ಡಿನಿಂದ ಒಂದು ಹಿಡಿ ಹತ್ತಿ ತರಿಸಿಕೊಂಡು ಕಿವಿಗೆ ತುರುಕಿಕೊಂಡರು. “ಇಷ್ಟ ಸಾಕು. ಇನ್ನ ಬಿಡು,” ಅಂದರು. ಅಕ್ಕ ಹತ್ತಿರ ಬಂದು ಕಿವಿಯಿಂದ ಅದನ್ನು ತೆಗೆದಳು, ಬೆರಳಲ್ಲಿ ಹೊಸೆದಳು, ಕಡ್ಡಿ ಗೀರಿ ಸುಟ್ಟು ಮೂಸಿದಳು.

“ಇದು ಹತ್ತಿ ಅಲ್ರಿ. ಪಾಲಿಸ್ಟರ್!”

ದಾಜಿ ಕಣ್ಣು ಮುಚ್ಚಿಕೊಂಡರು. “ಹೌದ,” ಅಂದರು. ಆ “ಹೌದ” ಕೇಳಿ ನಾನು ಎದ್ದು ಹೊರಗೆ ಹೋದೆ.

ಕಟ್ಟಕಡೆಯದಾಗಿ ಬಂದ ಡಬ್ಬಿ ಎಲ್ಲ ಪರೀಕ್ಷೆಯನ್ನೂ ದಾಟಿತು. ಹೆಸರು ಸರಿ, ತೂಕ ಸರಿ, ಎಡ ಬಲ ಸರಿ. ನಂಬರು ಹಾಕಿದರೆ ಜಾಲತಾಣ ಹಸಿರು ಗುರುತು ತೋರಿಸಿತು. ಬಿಲ್ಲೂ ಇತ್ತು. ಉಳಿದದ್ದು ಕಿವಿಗೆ ಹಾಕಿಕೊಂಡು ನೋಡುವುದು. ಅದೊಂದನ್ನು ಮಾತ್ರ ಅಕ್ಕ ಮಾಡುವಂತಿರಲಿಲ್ಲ. ಚಿಕ್ಕಂದಿನಿಂದ ಆಕೆಯ ಎರಡೂ ಕಿವಿ ಸೋರುತ್ತವೆ, ಏನೂ ತುರುಕಬೇಡ ಅಂತ ಡಾಕ್ಟರು ಹೇಳಿದ್ದಾರೆ. ನಾನು ನೋಡುತ್ತೇನೆ ಅಂದರೆ, “ನಿನ್ನ ಕಿವ್ಯಾಗ ಮಗ್ಗದ ಧೂಳ ಇರ್ತೈತಿ. ಇವರಿಗೆ ನಂಜು ಆದ್ರ?” ಅಂತ ಕಸಿದುಕೊಂಡಳು. ಬಟ್ಟೆಯಲ್ಲಿ ಸುತ್ತಿಕೊಂಡು ನೇರ ಕೊಲ್ಹಾಪುರಕ್ಕೆ ತಂದಳು.

ಸೂಜಿ ಚುಚ್ಚಿ ಯಂತ್ರ ಶುರುವಾದ ಮೇಲೆ ಅಕ್ಕ ತನ್ನ ಕೈಯಿಂದಲೇ ದಾಜಿಯ ಕಿವಿಗೆ ಅವನ್ನು ಹಾಕಿದಳು. ಟಿವಿಯಲ್ಲಿ ಅತ್ತೆ ಅರಚುತ್ತಿದ್ದಳು. ಬಾವಿಯ ಜಗಳ ಕೋರ್ಟಿಗೆ ಹೋಗಿತ್ತು. ದಾಜಿ ಕಣ್ಣು ಮುಚ್ಚಿದರು.

“ಕೇಳಸ್ತೈತೇನ್ರಿ?” ಅಂದಳು ಅಕ್ಕ.

ಉತ್ತರವಿಲ್ಲ.

“ರೀ! ಕೇಳಸ್ತೈತೇನ್ರಿ?”

ಇಲ್ಲ. ಅಕ್ಕ ಅವರ ಕಿವಿಯ ಪಕ್ಕದಲ್ಲಿ ಫಟ್ ಅಂತ ಚಪ್ಪಾಳೆ ತಟ್ಟಿದಳು. ಆಚೆ ಮಂಚದವರು ಬೆಚ್ಚಿಬಿದ್ದರು, ನರ್ಸು ಓಡಿಬಂದು “ಕಾಕೂ, ಹೇ ದವಾಖಾನಾ ಆಹೇ!” ಅಂತ ಗದರಿದಳು. ದಾಜಿಯ ರೆಪ್ಪೆಯೂ ಅಲುಗಲಿಲ್ಲ.

ಅಕ್ಕ ನನ್ನ ಕಡೆ ತಿರುಗಿದಳು. ರಿಪೋರ್ಟು ಬಂದ ದಿನದಿಂದ ಆ ಮುಖದಲ್ಲಿ ಕಾಣದ ನಗು ಅದು.

“ಒರಿಜಿನಲ್!”

ನಾನು ಹೊರಗೆ ಹೋಗಿ ಎರಡು ಕಪ್ ಚಹಾ ಕುಡಿದೆ. ಸಂಭ್ರಮಕ್ಕೆ.

ಅದಾದ ಮುಂದಿನ ವಾರ ಹೊರಗೆ ಭಾರೀ ಬಿಸಿಲು. ವ್ಯಾನಿನಲ್ಲಿ ಕೂರಲಾಗದೆ, ಕರೆಯುವ ಮೊದಲೇ ಹಾಲ್‌ನೊಳಗೆ ಹೋದೆ. ಅಕ್ಕ ಬಾಗಿಲಿಗೆ ಬೆನ್ನು ಮಾಡಿ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದಳು. ದಾಜಿಯ ಕಿವಿಯಲ್ಲಿ ಇಯರ್‌ಫೋನು, ಕಣ್ಣು ಮುಚ್ಚಿತ್ತು. ಅಕ್ಕ ಮೆಲುದನಿಯಲ್ಲಿ ಏನೋ ಹೇಳುತ್ತಿದ್ದಳು. ಫೋನಿನಲ್ಲಿ ಜಗಳ ಇರಬೇಕು ಅಂದುಕೊಂಡೆ. ಆಕೆಯ ಕೈಯಲ್ಲಿ ಫೋನು ಇರಲಿಲ್ಲ.

“…ಡಾಕ್ಟರಿಗೆ ಕೇಳಿದೆ. ನಂದೊಂದು ಕಿಡ್ನಿ ತಗೊಂಡು ಇವರಿಗೆ ಹಾಕ್ರಿ ಅಂದೆ. ರಕ್ತ ಹೊಂದಂಗಿಲ್ಲಂತ. ಮತ್ತೊಮ್ಮೆ ತಪಾಸ್ ಮಾಡ್ರಿ ಅಂದೆ. ಮತ್ತೊಮ್ಮೆ ಮಾಡಿದ್ರು. ಇಷ್ಟು ವರ್ಷ ನಿಮ್ಮ ಜೋಡಿ ಎಲ್ಲಾ ಹೊಂದಸ್ಕೊಂಡು ಬಂದೆ, ಇದೊಂದು ಹೊಂದಲಿಲ್ಲ ನೋಡ್ರಿ.”

ನನಗೆ ಇದು ಗೊತ್ತೇ ಇರಲಿಲ್ಲ. ಮುಂದೆ ಹೋಗದೆ ಅಲ್ಲೇ ನಿಂತೆ. ಅಕ್ಕ ದಾಜಿಯ ಹೊದಿಕೆಯ ಅಂಚು ಸರಿಮಾಡಿದಳು.

“ಮದುವ್ಯಾದ ಹೊಸದಾಗಿ ಏನ್ ಅಂದ್ಕೊಂಡಿದ್ದೆ ಗೊತ್ತೈತೇನ್ರಿ? ಇಷ್ಟು ಮೆತ್ತಗಿನ ಗಂಡಸು ಇರಾಕ ಸಾಧ್ಯ ಇಲ್ಲ, ನಾಟಕ ಮಾಡಾಕತ್ತಾರ, ಒಂದಿಲ್ಲೊಂದು ದಿನಾ ಬಣ್ಣಾ ಬಿಡ್ತಾರ ಅಂತ. ಕಾಯ್ಕೋತ ಕುಂತೆ. ಬೈದು ನೋಡಿದೆ, ಮುನಿಸ್ಕೊಂಡು ನೋಡಿದೆ. ನೀವು ಬಣ್ಣಾ ಬಿಡಲೇ ಇಲ್ಲಲ್ರಿ. ನಾ ಬೈಯೂದೇ ಚಟಾ ಆಗಿಬಿಡ್ತು.”

ಯಂತ್ರ ಪೀಂ ಅಂತು. ಅಕ್ಕ ಅದರ ಕಡೆ ನೋಡಿದಳು, ಅದು ನಿಂತ ಮೇಲೆ ಮುಂದುವರಿಸಿದಳು.

“ನಂಗ ಭಾಳ ಅಂಜಿಕಿ ಬರಾಕತ್ತೇತಿ.”

ನಾನು ಹೆಜ್ಜೆಯ ಸದ್ದು ಮಾಡದೆ ಹಿಂದಕ್ಕೆ ಬಂದು ಬಿಸಿಲಲ್ಲಿ ನಿಂತೆ. ಹಲ್ಲಿನಿಂದ ಉಂಗುರ ಕಚ್ಚಿದ, ಉಸಿರು ಬಿಡು ಅಂತ ಕೇಳಿದ ಹೆಂಗಸು ಇವಳೇ ಏನು? ಕೇಳಿಸದ ಕಿವಿ ಸಿಕ್ಕಿದ್ದಕ್ಕೆ ಮಾತು ಹೊರಗೆ ಬಂತು. ಪಾಪ, ಆ ಮಾತು ಯಾರಿಗೆ ಮುಟ್ಟಬೇಕಿತ್ತೋ ಅವರಿಗೇ ಮುಟ್ಟುತ್ತಿಲ್ಲವಲ್ಲ!

ಆ ಸಂಜೆ ವಾಪಸ್ ಬರುವಾಗ ಹಾತಕಣಂಗಲೆಯ ಸ್ಟೇಶನ್ ಹತ್ತಿರ ವ್ಯಾನು ನಿಲ್ಲಿಸಿದೆ. ಅಕ್ಕ ಮಾತ್ರೆ ತರಲು ಎದುರಿನ ಔಷಧದ ಅಂಗಡಿಗೆ ಹೋದಳು. ದಾಜಿ ಮುಂದಿನ ಸೀಟಿನಲ್ಲಿ, ಪಟ್ಟಿ ಸುತ್ತಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು.

“ಅಂತೂ ಚಲೋ ಸಿಕ್ಕವಲ್ರಿ ದಾಜಿ,” ಅಂದೆ, ಏನೋ ಒಂದು ಮಾತಾಡಬೇಕಲ್ಲ ಅಂತ. “ಇನ್ನ ಶಾಂತ ಆತು ನಿಮಗ.”

ದಾಜಿ ಹೊರಗೆ ಅಕ್ಕ ಎಷ್ಟು ದೂರ ಹೋಗಿದ್ದಾಳೆ ಅಂತ ನೋಡಿಕೊಂಡರು.

“ತಮ್ಮಾ, ಅವು ಡೂಪ್ಲಿಕೇಟ್ ಅದಾವ.”

“ಏನು?”

“ಒಂದ ಸಪ್ಪಳಾನೂ ನಿಲ್ಲಂಗಿಲ್ಲ. ಟಿವಿ ಕೇಳಸ್ತೈತಿ, ಮಷೀನ್ ಕೇಳಸ್ತೈತಿ, ಅವರ ಬಾವಿ ಜಗಳಾ ಪೂರಾ ಕೇಳಸ್ತೈತಿ. ಹಾಡ ಒಂದ ಬರ್ತಾವ, ಅಷ್ಟ.”

“ಮತ್ತ ಅವತ್ತು ಅಕ್ಕ ಕರದಾಗ? ಚಪ್ಪಾಳಿ ಬಡದಾಗ?”

“ಹೇಳಾಕ ಬಾಯಿ ತಗ್ಯಾಂವ ಇದ್ದೆ. ರೆಪ್ಪಿ ಸಂದ್ಯಾಗಿಂದ ಅಕಿ ಮಾರಿ ನೋಡಿದೆ. ಮತ್ತ ವಾಪಸ್ ಕಳಸೂದು, ಮತ್ತ ಫೋನು, ಮತ್ತ ಜಗಳಾ… ಅಕಿಗೂ ದಣಿವಾಗಿತ್ತು, ನನಗೂ ದಣಿವಾಗಿತ್ತು. ಸುಮ್ನ ಬಿದ್ಕೊಂಡೆ.” ಅವರು ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. “ಆಮ್ಯಾಲೆ ಅಕಿ ಮಾತಾಡಾಕ ಹತ್ತಿದ್ಳು.”

ನಾನು ಔಷಧದ ಅಂಗಡಿಯ ಕಡೆ ನೋಡಿದೆ. ಅಕ್ಕ ಇನ್ನೂ ಅಲ್ಲೇ ಇದ್ದಳು.

“ಪ್ರತಿ ಸಲಾನೂ ಮಾತಾಡ್ತಾಳ. ಇಷ್ಟು ವರ್ಷದಾಗ ಒಂದ ದಿನಾನೂ ಹಂಗ ಮಾತಾಡಿರಲಿಲ್ಲ. ಈಗ ನಾಲ್ಕು ತಾಸು ಹ್ಯಾಂಗ ಹೋಗ್ತಾವ ಗೊತ್ತಾಗವಲ್ದು.” ದಾಜಿ ನನ್ನ ಕಡೆ ತಿರುಗಿದರು. “ನೀ ಹೇಳಬ್ಯಾಡ ಮತ್ತ. ಗೊತ್ತಾದ್ರ ವಾಪಸ್ ಕಳಸ್ತಾಳ.”

ದಾಜಿಯ ಬಾಯಿಂದ ನಾನು ಕೇಳಿದ ಅತಿ ಉದ್ದದ ಮಾತು ಇದು. ಇದನ್ನು ಇಲ್ಲಿ ಬರೆಯುವ ಧೈರ್ಯ ಹೇಗೆ ಬಂತು ಅಂತ ನೀವು ಕೇಳಬಹುದು. ಅಕ್ಕ ಕಲಿತದ್ದು ಮರಾಠಿ ಶಾಲೆಯಲ್ಲಿ. ನಾನೊಬ್ಬನೇ ಸೋದರಮಾವನ ಊರಲ್ಲಿದ್ದು ಕನ್ನಡ ಓದಿದವನು. ಮನೆಯಲ್ಲಿ ಕನ್ನಡ ಮಾತಾಡುವ ಅಕ್ಕನಿಗೆ ಕನ್ನಡದ ಒಂದು ಅಕ್ಷರ ಓದಲು ಬರುವುದಿಲ್ಲ. ನನಗೆ ಗೊತ್ತಿರುವ ದೇವರ ದಯೆ ಇದೊಂದೇ!

ಅಕ್ಕ ಮಾತ್ರೆಯ ಪೊಟ್ಟಣ ಹಿಡಿದು ಬಂದು ಹಿಂದಿನ ಸೀಟಿನಲ್ಲಿ ಕೂತಳು. ಬಾಗಿಲು ಹಾಕಿದವಳೇ ನನ್ನ ಹೆಗಲು ತಟ್ಟಿದಳು.

“ತಮ್ಮಾ, ವಾಪಸ್ ಕಳಸೂ ಮುದ್ದತ್ತು ಇವತ್ತಿಗೆ ಮುಗಿತೈತಿ. ಇವರಂತೂ ಎಲ್ಲಾಕ್ಕೂ ಹೌದ ಅಂತಾರ. ನೀ ಒಮ್ಮೆ ಹಾಕ್ಕೊಂಡು ನೋಡು. ತಡಿ, ಸ್ಪಿರಿಟ್ ಹಚ್ಚಿ ಒರಸ್ತೇನಿ.”

ಒರೆಸಿ ಕೊಟ್ಟಳು. ದಾಜಿ ಕಿಟಕಿಯ ಆಚೆ, ಇಲ್ಲದ ರೈಲನ್ನು ನೋಡಲು ಶುರು ಮಾಡಿದರು. ನಾನು ಎರಡನ್ನೂ ಕಿವಿಗೆ ಹಾಕಿಕೊಂಡೆ. ವಡಾ ಮಾರುವವನ ಕೂಗು, ಎಸ್ಟಿ ಬಸ್ಸಿನ ಹಾರ್ನು, ಚಹಾದ ಅಂಗಡಿಯ ಸ್ಟೋವು, ಎಲ್ಲ ಸ್ವಚ್ಛವಾಗಿ ಕೇಳಿಸಿತು.

“ಕೇಳಸ್ತೈತೇನೋ?”

ನಾನು ಎದುರಿನ ಗಾಜನ್ನೇ ನೋಡುತ್ತ ಕೂತೆ.

“ಏ ತಮ್ಮಾ! ನಿನ್ನ ವ್ಯಾನ್ ಹಿಂದ ದನಾ ಬಂದು ನಿಂತೈತಿ ನೋಡೋ!”

ಕುತ್ತಿಗೆ ತಿರುಗಲು ಹೊರಟಿತು. ಹಲ್ಲು ಕಚ್ಚಿ ತಡೆದೆ. ಹಿಂದೆ ಮಾತ್ರೆಯ ಪೊಟ್ಟಣ ಸರಬರ ಅಂತು. ಪರೀಕ್ಷೆ ಮುಗಿಯಿತು ಅಂದುಕೊಂಡೆ. ಆಗ ಬೇರೆಯೇ ದನಿಯಲ್ಲಿ, ನನ್ನ ಬೆನ್ನಿಗೆ ಅನ್ನುವ ಹಾಗೆ ಅಕ್ಕ ಅಂದಳು:

“ಏನ್ ಸೊರಗಿ ಹೋಗಿಯೋ ನೀ. ಅಂಗಡಿ ಬಾಗಲಾ ಹಾಕಿ ಹಾಕಿ ನಮ್ಮನ್ನ ಹೊತ್ಕೊಂಡು ತಿರಗಾಕತ್ತಿ. ನೀ ಇರಲಿಲ್ಲಂದ್ರ ನಾ ಎಂದೋ ಬಿದ್ದು ಹೋಗ್ತಿದ್ನೋ ಪಾ. ಇದನ್ನ ನಿನ್ನ ಮುಂದ ಹ್ಯಾಂಗ ಹೇಳ್ಲಿ?”

ವಡಾದವನು ಕಿಟಕಿಗೆ ಬಂದು ನಿಂತ. ಕೈಸನ್ನೆಯಿಂದ ಅವನನ್ನು ಮುಂದೆ ಕಳಿಸಿದೆ. ಅಕ್ಕ ಹೆಗಲು ತಟ್ಟಿದ ಮೇಲೆ ಇಯರ್‌ಫೋನು ತೆಗೆದೆ.

“ಏನಾತು? ಕೇಳಸಿತೇನು?”

“ಇಲ್ಲಕ್ಕಾ. ಏನೂ ಕೇಳಸಲಿಲ್ಲ.”

“ಕಣ್ಣಾಗ ಯಾಕ ನೀರು?”

“ಸ್ಪಿರಿಟ್ ಭಾಳ ಹಚ್ಚಿ. ಉರಿತೈತಿ.”

ದಾಜಿ ಇನ್ನೂ ಆಚೆಯೇ ನೋಡುತ್ತ, ಪಟ್ಟಿ ಕಟ್ಟಿರದ ಕೈಯನ್ನು ನನ್ನ ಕಡೆ ಚಾಚಿದರು. ಅವರ ಅಂಗೈಯಲ್ಲಿ ಎರಡನ್ನೂ ಇಟ್ಟು ವ್ಯಾನು ಶುರು ಮಾಡಿದೆ.